ಸಸ್ಪೆನ್ಷನ್ ನೋಡುವ ಮುಂಚೆ ಭಾರ ಎಲ್ಲಿದೆ ನೋಡಿ

ಕಳೆದ ಮಳೆಗಾಲ. ಮೂಡಿಗೆರೆಯಿಂದ ಕೊಟ್ಟಿಗೆಹಾರಕ್ಕೆ ಹೋಗುವಾಗ ಮಾವನ ಕಾರು ನೀರು ತುಂಬಿದ ಗುಂಡಿಗೆ ದಡ್ ಅಂತ ಇಳಿಯಿತು. ಆಮೇಲೆ ಸಣ್ಣ ಕಲ್ಲು ಹತ್ತಿದರೂ ಮುಂದಿನ ಎಡಗಡೆ ಕಟಕಟ ಸದ್ದು. ಆಟೊಮೊಬೈಲ್ ಡಿಪ್ಲೊಮಾ ಓದುವವನು ನಾನು, ಸುಮ್ನೆ ಕೂರಲಾದೀತೇ? ಆ ಚಕ್ರವೊಂದನ್ನೇ ಜಾಕ್ ಹಾಕಿ ಎತ್ತಿ, ಕೈಗೆ ಸಿಕ್ಕಿದ್ದನ್ನೆಲ್ಲ ಅಲ್ಲಾಡಿಸಿದೆ. ಎಲ್ಲವೂ ಬಿಗಿಯಾಗಿತ್ತು. "ಏನೂ ಆಗಿಲ್ಲ ಮಾವ" ಅಂದೆ. ಗೇಟು ದಾಟುವ ಮೊದಲೇ ಮತ್ತೆ ಕಟಕಟ. "ಹಂಗಾದ್ರೆ ಸದ್ದು ಮಾಡ್ತಿರೋದು ನಾನೇನೋ?" ಅಂದರು.

ಎಲ್ಲಿ ಎಡವಿದೆ ಎಂಬುದು ಮರುದಿನ ತಿಳಿಯಿತು. ಭಾರ ಬಿದ್ದಾಗ ಕೆಲವು ಕೀಲುಗಳ ಸಡಿಲ ಕಾಣುವುದಿಲ್ಲ. ಇನ್ನು ಕೆಲವುಗಳದ್ದು ಎತ್ತಿದಾಗ ಕಾಣುವುದಿಲ್ಲ. ಅದಕ್ಕೇ ಸಸ್ಪೆನ್ಷನ್, ಅಂದರೆ ಚಕ್ರಗಳನ್ನು ಕಾರಿನ ಮೈಗೆ ಜೋಡಿಸಿ ರಸ್ತೆಯ ಹೊಡೆತ ತಾಳುವ ಭಾಗಗಳನ್ನು, ಪರೀಕ್ಷಿಸುವ ಈ ಟಿಪ್ಪಣಿಯನ್ನು ಎರಡು ಭಾಗ ಮಾಡಿದ್ದೇನೆ.

ಚಕ್ರ ನೆಲದ ಮೇಲಿದ್ದಾಗ

ಸಮತಟ್ಟಾದ ಜಾಗ ಬೇಕು. ನಮ್ಮ ಕಡೆ ತೋಟದ ಕಾಫಿ ಕಣ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಮಳೆಗಾಲದಲ್ಲಿ ಖಾಲಿಯೂ ಇರುತ್ತದೆ. ಮೊದಲು ನಾಲ್ಕೂ ಟೈರಿಗೆ ಸರಿಯಾಗಿ ಗಾಳಿ ಹಾಕಿ. ನಂತರ ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ಟೇಪ್ ಹಿಡಿದು, ಎಡ ಬಲ ಎರಡನ್ನೂ ಅಳೆಯಿರಿ. ಕಣಕ್ಕೆ ನೀರು ಹರಿಯಲು ಸ್ವಲ್ಪ ಇಳಿಜಾರು ಇರುತ್ತದಲ್ವಾ? ಅದಕ್ಕೆ ಕಾರನ್ನು ತಿರುಗಿಸಿ ನಿಲ್ಲಿಸಿ ಇನ್ನೊಮ್ಮೆ ಅಳೆಯಿರಿ. ವಾಲಿಕೆ ಕಾರಿನ ಜೊತೆ ತಿರುಗಿದರೆ ತಪ್ಪು ಕಾರಿನದು, ತಿರುಗದಿದ್ದರೆ ಕಣದ್ದು. ಒಂದೂವರೆ ಸೆಂಟಿಮೀಟರಿಗಿಂತ ಜಾಸ್ತಿ ವ್ಯತ್ಯಾಸ ಬಂದರೆ ನಾನು ಸ್ಪ್ರಿಂಗ್ ಮೇಲೆ ಅನುಮಾನಪಡುತ್ತೇನೆ.

ಕಾರು ವಾಲಿದ ಕೂಡಲೇ 'ಶಾಕ್ ಹೋಗಿದೆ' ಅನ್ನುವವರು ನಮ್ಮ ಕ್ಲಾಸಿನಲ್ಲೂ ಇದ್ದಾರೆ. ಭಾರ ಹೊರುವುದು ಸ್ಪ್ರಿಂಗ್. ಶಾಕ್ ಅಬ್ಸಾರ್ಬರ್ ಆ ಸ್ಪ್ರಿಂಗಿನ ಕುಣಿತವನ್ನು ನಿಲ್ಲಿಸುತ್ತದೆ, ಅಷ್ಟೆ. ಸ್ಪ್ರಿಂಗ್ ಹೆಚ್ಚಾಗಿ ಮುರಿಯುವುದು ಕೆಳಗಿನ ಕೊನೆಯ ಸುತ್ತಿನಲ್ಲಿ. ಕೆಸರು, ನೀರು ನಿಂತು ತುಕ್ಕು ಹಿಡಿಯುವುದು ಅಲ್ಲೇ. ಟಾರ್ಚ್ ಬಿಟ್ಟು ನೋಡಿ.

ಶಾಕ್ ನೋಡಲು ಮೂಲೆಯನ್ನು ಜೋರಾಗಿ ಒತ್ತಿ ಬಿಡುವುದು ಎಲ್ಲರಿಗೂ ಗೊತ್ತು. ಒಮ್ಮೆ ಮೇಲೆದ್ದು ನಿಂತರೆ ಸರಿ. ಎರಡು ಮೂರು ಸಲ ತೂಗಿದರೆ ಶಾಕ್ ಮುಗಿದಿದೆ. ಆದರೆ ಈ ಪರೀಕ್ಷೆಯಲ್ಲಿ ಪಾಸಾದ ಮಾತ್ರಕ್ಕೆ ಶಾಕ್ ಚೆನ್ನಾಗಿದೆ ಎಂದು ನಂಬಬೇಡಿ. ಕೈಯಲ್ಲಿ ಒತ್ತುವ ವೇಗ ಕಡಿಮೆ. ಅರ್ಧ ಸೋತ ಶಾಕ್ ಕೂಡ ಅದನ್ನು ತಡೆಯುತ್ತದೆ. ನನಗೆ ಜಾಸ್ತಿ ನಂಬಿಕೆ ಎರಡು ಗುರುತುಗಳ ಮೇಲೆ. ಒಂದು, ಶಾಕಿನ ಮೈಮೇಲೆ ಎಣ್ಣೆ ಇಳಿದು ಮಣ್ಣು ಮೆತ್ತಿಕೊಂಡಿರುವುದು. ಬೆವರಿನಂಥ ತೆಳು ಪಸೆ ಇದ್ದರೆ ಚಿಂತೆಯಿಲ್ಲ. ಇನ್ನೊಂದು, ಟೈರಿನ ಮೇಲೆ ಅಂಗೈ ಸವರಿದಾಗ ಸಿಗುವ ಉಬ್ಬು ತಗ್ಗು.

ಚಕ್ರ ಎತ್ತಿದಾಗ

ಹ್ಯಾಂಡ್‌ಬ್ರೇಕ್ ಎಳೆದು, ಗೇರಿಗೆ ಹಾಕಿ, ಹಿಂದಿನ ಚಕ್ರಗಳಿಗೆ ಕಲ್ಲು ಕೊಡಿ. ಎತ್ತಿದ ಮೇಲೆ ಕಾರಿನ ಅಡಿಗೆ ಭಾರ ಹೊರುವ ಸ್ಟ್ಯಾಂಡ್ ಇಡಿ. ಬರೀ ಜಾಕ್ ನಂಬಿ ಕಾರಿನ ಅಡಿಗೆ ತಲೆ ಹಾಕಬೇಡಿ. ಮಳೆಗೆ ನೆಂದ ಮಣ್ಣಿನ ಮೇಲಂತೂ ಜಾಕ್ ಬೇಡವೇ ಬೇಡ, ಅದು ಹೂತುಹೋಗುತ್ತದೆ.

ಚಕ್ರವನ್ನು ಗಡಿಯಾರದ ಮುಖ ಅಂದುಕೊಳ್ಳಿ. 12 ಮತ್ತು 6ರಲ್ಲಿ ಹಿಡಿದು ಅಲ್ಲಾಡಿಸಿದಾಗ ಆಟ (ಸಡಿಲ) ಸಿಕ್ಕರೆ ಬಾಲ್ ಜಾಯಿಂಟ್ (ಚಕ್ರವನ್ನು ಕೆಳಗಿನ ತೋಳಿಗೆ ಸೇರಿಸುವ ಗುಂಡು ಕೀಲು) ಇಲ್ಲವೇ ವೀಲ್ ಬೇರಿಂಗ್ (ಚಕ್ರ ಸಲೀಸಾಗಿ ತಿರುಗಲು ಇರುವ ಬೇರಿಂಗ್). ಯಾವುದು ಅಂತ ತಿಳಿಯಲು ಒಬ್ಬರಿಗೆ ಬ್ರೇಕ್ ಒತ್ತಲು ಹೇಳಿ. ಆಟ ನಿಂತರೆ ಬೇರಿಂಗ್, ನಿಲ್ಲದಿದ್ದರೆ ಬಾಲ್ ಜಾಯಿಂಟ್ ಕಡೆ ನೋಡಿ. 3 ಮತ್ತು 9ರಲ್ಲಿ ಮಾತ್ರ ಆಟ ಇದ್ದರೆ ಟೈ ರಾಡ್ ಎಂಡ್, ಅಂದರೆ ಸ್ಟೇರಿಂಗಿನ ಕಂಬಿ ಚಕ್ರಕ್ಕೆ ಸೇರುವ ಕೀಲು.

ಸಣ್ಣ ಕಾರುಗಳಲ್ಲಿ ಮುಂದೆ ಸಾಮಾನ್ಯವಾಗಿ ಇರುವುದು ಮ್ಯಾಕ್‌ಫರ್ಸನ್ ಸ್ಟ್ರಟ್, ಅಂದರೆ ಸ್ಪ್ರಿಂಗ್ ಮತ್ತು ಶಾಕ್ ಒಂದೇ ಕಂಬವಾಗಿ ಸೇರಿದ ಜೋಡಣೆ. ಅರ್ಲ್ ಮ್ಯಾಕ್‌ಫರ್ಸನ್ ಎಂಬ ಅಮೆರಿಕದ ಎಂಜಿನಿಯರ್ 1940ರ ದಶಕದಲ್ಲಿ ರೂಪಿಸಿದ್ದು. ಇದರಲ್ಲಿ ಸ್ಪ್ರಿಂಗಿನ ಭಾರ ಮೇಲಿನ ಮೌಂಟಿಗೆ (ಸ್ಟ್ರಟ್ ಕಾರಿನ ಮೈಗೆ ಸೇರುವ ಜಾಗಕ್ಕೆ) ಹೋಗುತ್ತದೆ. ಹಾಗಾಗಿ ಚಕ್ರ ಜೋತಾಡುವಾಗಲೇ ಬಾಲ್ ಜಾಯಿಂಟಿನ ಸಡಿಲ ಸಿಗುತ್ತದೆ. ಸ್ಪ್ರಿಂಗ್ ಲೋವರ್ ಆರ್ಮ್ (ಚಕ್ರವನ್ನು ಹಿಡಿದಿರುವ ಆ ಕೆಳಗಿನ ತೋಳು) ಮೇಲೆ ಕೂತಿರುವ ಗಾಡಿಗಳಲ್ಲಿ ಹೀಗಲ್ಲ. ಅಲ್ಲಿ ಜಾಕನ್ನು ಲೋವರ್ ಆರ್ಮ್ ಅಡಿಗೇ, ಚಕ್ರದ ಹತ್ತಿರ ಕೊಟ್ಟು ಎತ್ತಬೇಕು. ಇಲ್ಲದಿದ್ದರೆ ಸ್ಪ್ರಿಂಗಿನ ಒತ್ತಡವೇ ಸಡಿಲವನ್ನು ಮುಚ್ಚಿಡುತ್ತದೆ.

ಲೋವರ್ ಆರ್ಮ್ ಬುಷ್‌ಗೆ (ತೋಳು ಕಾರಿಗೆ ಸೇರುವಲ್ಲಿನ ರಬ್ಬರ್ ಕೀಲಿಗೆ) ಕಬ್ಬಿಣದ ಸಲಾಕೆ ಕೊಟ್ಟು ಮೀಟಿ. ರಬ್ಬರ್ ಮೇಲೆ ಸಣ್ಣ ಬಿರುಕಿದ್ದರೆ ಇರಲಿ, ಒಳಗಿನ ಲೋಹದಿಂದ ಬಿಟ್ಟುಕೊಂಡಿದ್ದರೆ ಬದಲಿಸಬೇಕು. ಹೊಸ ಬುಷ್ ಹಾಕುವಾಗ ಬೋಲ್ಟಿನ ಕೊನೆಯ ಬಿಗಿ ಚಕ್ರ ನೆಲಕ್ಕೆ ಇಳಿದ ಮೇಲೆ. ಎತ್ತಿದ್ದಾಗಲೇ ಬಿಗಿದರೆ, ಕಾರು ಇಳಿದಾಗ ರಬ್ಬರ್ ತಿರುಚಿಕೊಂಡು ಬೇಗ ಹರಿಯುತ್ತದೆ. ವೈವಾದಲ್ಲಿ ನನಗೆ ಕೇಳಿದ್ದು ಇದನ್ನೇ.

ಈಗ ಮಾವನ ಕಾರಿನ ಕಟಕಟ. ಸ್ಟೆಬಿಲೈಸರ್ ಬಾರ್ ಎಡ ಬಲ ಚಕ್ರಗಳನ್ನು ಜೋಡಿಸುತ್ತದೆ, ಅದರ ಎರಡೂ ತುದಿಗೆ ಒಂದೊಂದು ಲಿಂಕ್ ರಾಡ್. ಒಂದೇ ಚಕ್ರ ಎತ್ತಿದರೆ ಬಾರ್ ತಿರುಚಿ ಲಿಂಕ್ ರಾಡನ್ನು ಎಳೆದು ಹಿಡಿಯುತ್ತದೆ. ಸವೆದ ಕೀಲೂ ಆಗ ಹೊಸದರ ಹಾಗೆ ಬಿಗಿ! ಮರುದಿನ ಕಾರನ್ನು ಕಣದ ಮೇಲೇ ನಿಲ್ಲಿಸಿ, ಎಂಜಿನ್ ಆರಿಸಿ, ಸ್ಟೇರಿಂಗ್ ಪೂರ್ತಿ ತಿರುಗಿಸಿದೆ. ಚಕ್ರದ ಹಿಂದೆ ಕೈ ಹಾಕಿ ಲಿಂಕ್ ರಾಡ್ ಅಲುಗಿಸಿದೆ. ಅದೇ ಕಟಕಟ.

ಲಿಂಕ್ ರಾಡ್ ಸದ್ದು ಮಾಡುತ್ತಿದ್ದರೂ ಕಾರನ್ನು ಮೆಕ್ಯಾನಿಕ್ ಹತ್ತಿರಕ್ಕೆ ನಿಧಾನಕ್ಕೆ ಓಡಿಸಿಕೊಂಡು ಹೋಗಬಹುದು. ಬಾಲ್ ಜಾಯಿಂಟ್, ಟೈ ರಾಡ್ ಎಂಡ್ ಆಡುತ್ತಿದ್ದರೆ ಅಥವಾ ಸ್ಪ್ರಿಂಗ್ ಮುರಿದಿದ್ದರೆ ಆ ಕಾರನ್ನು ಚಾರ್ಮಾಡಿ ಘಾಟಿಗೆ ಇಳಿಸಬೇಡಿ, ಮೆಕ್ಯಾನಿಕ್‌ನನ್ನು ಮನೆಗೇ ಕರೆಸಿ. ಟೈ ರಾಡ್ ಎಂಡ್ ಬದಲಿಸಿದರೆ ವೀಲ್ ಅಲೈನ್‌ಮೆಂಟ್ (ಚಕ್ರಗಳ ಕೋನ ಸರಿಮಾಡುವುದು) ಮಾಡಿಸಲೇಬೇಕು. ಬರೀ ಲಿಂಕ್ ರಾಡ್ ಬದಲಿಸಿದ್ದಕ್ಕೆ ಅದು ಬೇಕಿಲ್ಲ, ಯಾರಾದರೂ ಬೇಕು ಅಂದರೆ ಯಾಕೆ ಅಂತ ಕೇಳಿ.