ತ್ರಿಕೋನ ಬರೆಯಹೋದರೆ ಅರ್ಧ ಷಟ್ಕೋನ ಬರುವುದೇಕೆ?

ಬಣ್ಣದ ಬ್ಲಾಕ್‌ಗಳನ್ನು ಜೋಡಿಸಿ ಪ್ರೋಗ್ರಾಮ್ ಬರೆಯುವ ಸ್ಕ್ರಾಚ್‌ನಲ್ಲಿ ಚೌಕ ಬರೆಯುವುದು ಮಕ್ಕಳಿಗೆ ಸಲೀಸು. 100 ಹೆಜ್ಜೆ ಮುಂದೆ, 90 ಡಿಗ್ರಿ ಬಲಕ್ಕೆ, ಇಷ್ಟನ್ನು ರಿಪೀಟ್ ಬ್ಲಾಕಿನೊಳಗಿಟ್ಟು ನಾಲ್ಕು ಸಲ. ತೊಡಕು ಶುರುವಾಗುವುದು ತ್ರಿಕೋನದಲ್ಲಿ. ಸಮಬಾಹು ತ್ರಿಕೋನದ ಕೋನ 60 ಎಂದು ಗಣಿತದಲ್ಲಿ ಕಲಿತ ಮಗು ಇಲ್ಲೂ 60 ಎಂದೇ ತುಂಬುತ್ತದೆ. ಮೂರು ಗೆರೆ ಬೀಳುತ್ತವೆ, ಆಕೃತಿ ಮಾತ್ರ ಕೂಡುವುದಿಲ್ಲ. ಪರದೆಯ ಮೇಲೆ ಬಾಯಿ ತೆರೆದ ಬಟ್ಟಲಿನಂಥ ಅರ್ಧ ಷಟ್ಕೋನ ನಿಂತಿರುತ್ತದೆ.

ಆಗ ದಯವಿಟ್ಟು ‘120 ಹಾಕು’ ಎಂದು ಹೇಳಿಕೊಡಬೇಡಿ. ನೆಲದ ಮೇಲೆ ಸೀಮೆಸುಣ್ಣದಲ್ಲಿ ತ್ರಿಕೋನ ಬರೆದು ಮಗುವನ್ನೇ ಅದರ ಮೇಲೆ ನಡೆಸಿ. ಮೂಲೆಗೆ ಬಂದಾಗ ನಿಲ್ಲಿಸಿ, ಅದು ನಡೆಯುತ್ತಿದ್ದ ಗೆರೆಯನ್ನು ನೇರವಾಗಿ ಇನ್ನಷ್ಟು ಎಳೆಯಿರಿ. ಆ ಗೆರೆಯಿಂದ ಮುಂದಿನ ಬದಿಯವರೆಗೆ ಮೈ ಎಷ್ಟು ತಿರುಗಬೇಕು? 180ರಲ್ಲಿ 60 ಕಳೆದರೆ 120. ಚೌಕದಲ್ಲಿ ಒಳಕೋನವೂ 90, ತಿರುಗುವುದೂ 90. ಅದಕ್ಕೇ ಈ ತಪ್ಪು ಅಲ್ಲಿ ಕಾಣದೆ ಅಡಗಿರುತ್ತದೆ.

ಒಂದು ಸುತ್ತು ಹಾಕಿ ಹೊರಟಲ್ಲಿಗೇ ಬಂದರೆ ಒಟ್ಟು ತಿರುಗಿದ್ದು 360. ಇದು ಮನಸ್ಸಿಗೆ ಹತ್ತಿದ ಮೇಲೆ ಐದು ಬದಿಗೆ 72, ಎಂಟಕ್ಕೆ 45 ಎಂದು ಮಕ್ಕಳೇ ಲೆಕ್ಕ ಹಾಕುತ್ತಾರೆ. ಏಳು ಬದಿಗೆ 51 ಎಂದು ಬರೆದರೆ 3 ಡಿಗ್ರಿ ಕೊರತೆ ಬೀಳುತ್ತದೆ. ಅಲ್ಲಿ ಭಾಗಾಕಾರದ ಹಸಿರು ಬ್ಲಾಕ್ ಎಳೆದು 360 ಮತ್ತು 7 ತುಂಬಿಸಿ. ಐದು ಮೊನೆಯ ನಕ್ಷತ್ರಕ್ಕೆ 144: ಐದು ಸಲಕ್ಕೆ 720, ಅಂದರೆ ಎರಡು ಸುತ್ತು.

ಇನ್ನು ಹೂವಿನ ವಿನ್ಯಾಸ. ಚೌಕದ ರಿಪೀಟನ್ನು 36 ಸಲದ ಇನ್ನೊಂದು ರಿಪೀಟಿನೊಳಗಿಟ್ಟು, ಪ್ರತಿ ಚೌಕ ಮುಗಿದ ಮೇಲೆ 10 ಡಿಗ್ರಿ ತಿರುಗಿಸಿ. ಮೌಸಿನಲ್ಲಿ ಎಳೆದು ಬಿಡುವಾಗ ಈ 10 ಡಿಗ್ರಿಯ ಬ್ಲಾಕ್ ಒಳಗಿನ ರಿಪೀಟಿಗೇ ಅಂಟಿಕೊಳ್ಳುವುದು ಬಹಳ ಸಾಮಾನ್ಯ. ಆಗ ಪ್ರತಿ ಮೂಲೆಯಲ್ಲೂ 100 ಡಿಗ್ರಿ ತಿರುಗಿ ಹದಿನೆಂಟು ಮೊನೆಯ ನಕ್ಷತ್ರ ಬರುತ್ತದೆ. ಅದು ಚೆಂದವೇ; ಅಳಿಸಬೇಡಿ, ಹೀಗೇಕಾಯಿತು ಎಂದು ಮಗುವಿನಿಂದಲೇ ಹೇಳಿಸಿ.

ಬದಿಯ ಅಳತೆಯ ಮೇಲೂ ಕಣ್ಣಿರಲಿ. ಚಿತ್ರ ಮೂಡುವ ವೇದಿಕೆ 480 ಹೆಜ್ಜೆ ಅಗಲ, 360 ಎತ್ತರ. ನಡುವಿನಿಂದ ಮೇಲಂಚಿಗೆ 180. 100ರ ಚೌಕದ ಕರ್ಣ ಸುಮಾರು 141, ಹಿಡಿಸುತ್ತದೆ. 150ರದ್ದು 212, ಅಂಚು ದಾಟುತ್ತದೆ. ಸ್ಪ್ರೈಟನ್ನು, ಅಂದರೆ ಗೆರೆ ಎಳೆಯುತ್ತಾ ನಡೆಯುವ ಬೊಂಬೆಯನ್ನು, ವೇದಿಕೆಯಿಂದ ಪೂರ್ತಿ ಹೊರಹೋಗಲು ಸ್ಕ್ರಾಚ್ ಬಿಡುವುದಿಲ್ಲ. ಅಂಚಿನಲ್ಲಿ ತಡೆದ ಸ್ಪ್ರೈಟ್ ನಡುವಿಗೆ ಸರಿಯಾಗಿ ಮರಳುವುದಿಲ್ಲ, ಅಲ್ಲಿಂದಾಚೆಗೆ ಎಸಳುಗಳೆಲ್ಲ ಜರುಗುತ್ತವೆ.

ಗೆರೆ ಎಳೆಯುವ ಪೆನ್ ಬ್ಲಾಕ್‌ಗಳು ಎಡಗಡೆ ಕೆಳಮೂಲೆಯ ಎಕ್ಸ್‌ಟೆನ್ಶನ್ ಗುಂಡಿಯಲ್ಲಿವೆ. ಹಸಿರು ಬಾವುಟದ ಕೆಳಗೆ ಮೊದಲು ಪೆನ್ ಅಪ್, ನಡುವಿಗೆ ಹೋಗು, ದಿಕ್ಕು 90 (ಬಲಕ್ಕೆ ಮುಖ), ಹಳೆಯ ಗೆರೆ ಅಳಿಸಲು ಇರೇಸ್ ಆಲ್, ಆಮೇಲೆ ಪೆನ್ ಡೌನ್. ದಿಕ್ಕಿನ ಬ್ಲಾಕ್ ಮರೆತರೆ ಹಿಂದಿನ ಸಲದ ಓರೆ ಹಾಗೇ ಉಳಿದಿರುತ್ತದೆ.

ಹೂವು ಕೂಡಿಕೊಂಡು ನಿಲ್ಲುತ್ತದೆ; ಸೀರೆಯ ಅಂಚು ಸಾಗುತ್ತಲೇ ಇರುತ್ತದೆ. ಧಾರವಾಡದ ಕಸೂತಿಯ ಮುರ್ಗಿ ಹೊಲಿಗೆಯ ಮೆಟ್ಟಿಲು ಇದನ್ನು ತೋರಿಸಲು ಸೊಗಸಾದ ಮಾದರಿ. ಪೆನ್ ಎತ್ತಿ ಸ್ಪ್ರೈಟನ್ನು ಎಕ್ಸ್ −170, ವೈ −170ಕ್ಕೆ ಒಯ್ದು ದಿಕ್ಕು 0 (ಮೇಲಕ್ಕೆ ಮುಖ) ಮಾಡಿ, ಪೆನ್ ಇಳಿಸಿ. 20 ಹೆಜ್ಜೆ, ಬಲಕ್ಕೆ 90, 20 ಹೆಜ್ಜೆ, ಎಡಕ್ಕೆ 90. ಇದು 17 ಸಲ. ಬಲಕ್ಕೆ ತಿರುಗಿದಷ್ಟೇ ಎಡಕ್ಕೂ ತಿರುಗಿದ್ದರಿಂದ ಮೊತ್ತ ಸೊನ್ನೆ. ಗೆರೆ ಎಲ್ಲೂ ಕೂಡದೆ ಬಲ ಮೇಲ್ಮೂಲೆಯ ಕಡೆಗೆ ಹತ್ತುತ್ತಾ ಹೋಗುತ್ತದೆ.