ರೀಮಕ್ಸ್: ಬಿಚ್ಚಿ ಮತ್ತೆ ಹೆಣೆಯುವ ಕೆಲಸ

ಗೆಳೆಯರೊಬ್ಬರು ಮಗಳ ನೃತ್ಯದ ವಿಡಿಯೊವನ್ನು ಮನೆಯವರೊಂದಿಗೆ ಟಿವಿಯಲ್ಲಿ ನೋಡಬೇಕೆಂದಿದ್ದರು. ಕೈಯಲ್ಲಿದ್ದದ್ದು ಎಂಕೆವಿ ಕಡತ, ಟಿವಿ ಕೇಳುತ್ತಿದ್ದದ್ದು ಎಂಪಿ4. ಸಿಕ್ಕಿದ ತಂತ್ರಾಂಶವೊಂದಕ್ಕೆ ಅದನ್ನು ಒಪ್ಪಿಸಿ ರಾತ್ರಿಯಿಡೀ ಕಂಪ್ಯೂಟರ್ ಓಡಿಸಿದರು. ಬೆಳಿಗ್ಗೆ ಎಂಪಿ4 ಸಿದ್ಧವಾಗಿತ್ತು. ಜಾಗ ಉಳಿಯಲೆಂದು ಹಳೆಯ ಕಡತವನ್ನು ಅಳಿಸಿದರು. ಸಂಜೆ ಟಿವಿಯಲ್ಲಿ ಹಾಕಿದರೆ, ಮಗು ಗಿರಕಿ ಹೊಡೆಯುವ ಕಡೆಯಲ್ಲೆಲ್ಲ ಮುಖ ಚೌಕ ಚೌಕವಾಗಿ ಕಲೆಸಿಹೋಗಿತ್ತು. ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಆ ವಿಡಿಯೊಗೆ ರೀಮಕ್ಸ್, ಅಂದರೆ ಚಿತ್ರವನ್ನು ಮುಟ್ಟದೆ ಕಡತದ ಬಗೆಯನ್ನಷ್ಟೇ ಬದಲಿಸುವ ಕೆಲಸ, ಸಾಕಿತ್ತು. ಕೆಲವೇ ಸೆಕೆಂಡುಗಳಲ್ಲಿ ಮುಗಿಯುತ್ತಿತ್ತು, ಚಿತ್ರದ ಒಂದು ಚುಕ್ಕಿಯೂ ಕೆಡುತ್ತಿರಲಿಲ್ಲ.

ಕಡತದ ಹೆಸರಿನ ಕೊನೆಯಲ್ಲಿರುವ ಎಂಕೆವಿ, ಎಂಪಿ4, ಎವಿಐ, ವೆಬ್‌ಎಂ ಎಂಬ ಅಕ್ಷರಗಳು ಹೇಳುವುದು ಹೊರಗಿನ ಡಬ್ಬಿಯ ಹೆಸರನ್ನು. ಇದಕ್ಕೆ ಕಂಟೇನರ್ ಎನ್ನುತ್ತಾರೆ. 2002ರಲ್ಲಿ ಆರಂಭವಾದ ಎಂಕೆವಿಯ ಪೂರ್ಣ ಹೆಸರು ಮಟ್ರೋಸ್ಕಾ. ಗೊಂಬೆಯೊಳಗೊಂದು ಗೊಂಬೆ ಅಡಗಿರುವ ರಷ್ಯಾದ ಆಟಿಕೆಯಿಂದ ಬಂದದ್ದು, ಡಬ್ಬಿಗೆ ಒಪ್ಪುವ ಹೆಸರು. ಡಬ್ಬಿಯೊಳಗಿನ ಚಿತ್ರ ಮತ್ತು ಧ್ವನಿಯನ್ನು ಕಿರಿದಾಗಿಸಿ ಇಟ್ಟಿರುವ ವಿಧಾನವೇ ಕೋಡೆಕ್. ಅದಿಲ್ಲದೆ ಗತಿಯಿಲ್ಲ. 1920 ಅಡ್ಡ, 1080 ಉದ್ದದ ಒಂದು ಚಿತ್ರದಲ್ಲಿ ಚುಕ್ಕಿಗೆ ಮೂರು ಬೈಟ್‌ನಂತೆ ಲೆಕ್ಕ ಹಾಕಿ: 62 ಲಕ್ಷ ಬೈಟ್. ಸೆಕೆಂಡಿಗೆ ಇಂಥ 25 ಚಿತ್ರಗಳಾದರೆ ಒಂದೇ ನಿಮಿಷಕ್ಕೆ 9.3 ಜಿಬಿ ಬೇಕು. 2003ರ ಎಚ್.264, 2013ರ ಎಚ್.265, ಬಳಕೆ ಶುಲ್ಕವಿಲ್ಲದೆ 2018ರಲ್ಲಿ ಹೊರಬಂದ ಎವಿ1, ಇವೆಲ್ಲ ಈ ಹೊರೆಯನ್ನು ಇಳಿಸಲು ಹುಟ್ಟಿದ ಕೋಡೆಕ್‌ಗಳು. ಒಂದೇ ಎಚ್.264 ಚಿತ್ರ ಎಂಕೆವಿಯಲ್ಲೂ ಇರಬಹುದು, ಎಂಪಿ4ರಲ್ಲೂ ಇರಬಹುದು. ಈ ಒಂದು ಮಾತು ತಿಳಿದಿದ್ದರೆ ಗೆಳೆಯರ ಆ ರಾತ್ರಿ ಉಳಿಯುತ್ತಿತ್ತು.

ಇನ್ನು ಪದಕ್ಕೆ ಬರೋಣ. ಮಕ್ಸ್ ಎಂಬುದು ಮಲ್ಟಿಪ್ಲೆಕ್ಸ್‌ನ ಮೊಟಕು ರೂಪ. ಹಲವು ಪರದೆಗಳ ಚಿತ್ರಮಂದಿರಕ್ಕೆ ಇಟ್ಟಿರುವ ಹೆಸರೂ ಇದೇ. ಆದರೆ ತಂತ್ರಜ್ಞರ ಬಾಯಲ್ಲಿ ಪದ ಇನ್ನೂ ಹಳೆಯದು. ಒಂದೇ ತಂತಿಯಲ್ಲಿ ಹಲವು ಸಂದೇಶಗಳನ್ನು ಒಟ್ಟಿಗೆ ಸಾಗಿಸುವ ಉಪಾಯ 1870ರ ದಶಕದ ಟೆಲಿಗ್ರಾಫ್‌ನಲ್ಲೇ ಇತ್ತು. ವಿಡಿಯೊ ಕಡತದಲ್ಲಿ ನಡೆಯುವುದೂ ಅದೇ ಬಗೆಯದು. ಚಿತ್ರವೆಲ್ಲ ಮೊದಲು, ಧ್ವನಿಯೆಲ್ಲ ಆಮೇಲೆ ಎಂದು ಇಟ್ಟಿರುವುದಿಲ್ಲ. ಚಿತ್ರದ ತುಸು ಭಾಗ, ಅದೇ ಗಳಿಗೆಯ ಧ್ವನಿ, ಅಡಿಬರಹವಿದ್ದರೆ ಅದರ ಒಂದು ಸಾಲು, ಮತ್ತೆ ಚಿತ್ರ. ಮೂರೆಳೆಯ ಜಡೆಯ ಹಾಗೆ. ಹೆಣೆಯುವುದು ಮಕ್ಸ್, ಬಿಚ್ಚುವುದು ಡಿಮಕ್ಸ್, ಒಂದು ಡಬ್ಬಿಯಿಂದ ಬಿಚ್ಚಿ ಇನ್ನೊಂದರಲ್ಲಿ ಮತ್ತೆ ಹೆಣೆಯುವುದು ರೀಮಕ್ಸ್. ಕನ್ನಡದಲ್ಲಿ ಮರುಹೆಣಿಗೆ ಎಂದರೆ ಅರ್ಥ ಪೂರ್ತಿ ಬರುತ್ತದೆ. ನಾನಂತೂ ಹಾಗೆಯೇ ಕರೆಯುತ್ತೇನೆ. ಜಡೆ ಬಿಚ್ಚಿ ಹೊಸದಾಗಿ ಹೆಣೆದರೆ ಕೂದಲೇನೂ ಗಿಡ್ಡವಾಗುವುದಿಲ್ಲ.

ಗೆಳೆಯರ ತಂತ್ರಾಂಶ ರಾತ್ರಿಯಿಡೀ ಮಾಡಿದ್ದು ಟ್ರಾನ್ಸ್‌ಕೋಡಿಂಗ್. ಅದು ಕತ್ತರಿ ಹಿಡಿಯುವ ಕೆಲಸ. ಕಿರಿದಾಗಿದ್ದ ಚಿತ್ರವನ್ನು ಪೂರ್ತಿ ಬಿಡಿಸಿ, ಪ್ರತಿ ಚೌಕಟ್ಟನ್ನೂ ಮರಳಿ ರೂಪಿಸಿ, ಮತ್ತೆ ಕಿರಿದಾಗಿಸಬೇಕು. ಗಂಟೆಗಟ್ಟಲೆ ಹಿಡಿಯುವುದು ಇದಕ್ಕೇ. ಕಿರಿದಾಗಿಸುವಾಗ ಕಣ್ಣಿಗೆ ಅಷ್ಟಾಗಿ ಕಾಣದ ವಿವರಗಳನ್ನು ಕೋಡೆಕ್ ಕೈಬಿಡುತ್ತದೆ. ಹಾಗೆ ಹೋದದ್ದು ತಿರುಗಿ ಬರುವುದಿಲ್ಲ. ಎರಡನೆಯ ಸಲ ಕಿರಿದಾಗಿಸಿದರೆ ಉಳಿದದ್ದರಲ್ಲಿ ಇನ್ನಷ್ಟು ಹೋಗುತ್ತದೆ. ವೇಗವಾಗಿ ಚಲಿಸುವ ಭಾಗಗಳಲ್ಲಿ, ಅಂದರೆ ಗಿರಕಿ ಹೊಡೆಯುವ ಮಗುವಿನ ಮುಖದಂಥ ಕಡೆಗಳಲ್ಲಿ, ನಷ್ಟ ಮೊದಲು ಕಾಣಿಸುತ್ತದೆ.

ಆದ್ದರಿಂದ ಮೊದಲು ಡಬ್ಬಿಯೊಳಗೆ ಇಣುಕಿ ನೋಡಬೇಕು. ವಿಡಿಯೊ ನೋಡುವ ತಂತ್ರಾಂಶವಾದ ವಿಎಲ್‌ಸಿಯಲ್ಲಿ ಕಡತವನ್ನು ತೆರೆದು ಟೂಲ್ಸ್ ಮೆನುವಿನ ಕೋಡೆಕ್ ಮಾಹಿತಿಯನ್ನು ಒತ್ತಿದರೆ ಒಂದೊಂದು ಎಳೆಯ ಹೆಸರೂ ಕಾಣುತ್ತದೆ. ಎಚ್.264 ಚಿತ್ರ, ಎಎಸಿ ಧ್ವನಿ ಎಂದಿದ್ದರೆ ಎಂಪಿ4 ಅದನ್ನು ಇದ್ದ ಹಾಗೆಯೇ ಒಳಗೆ ಬಿಟ್ಟುಕೊಳ್ಳುತ್ತದೆ.

ಮರುಹೆಣಿಗೆಗೆ ನಾನು ನೆಚ್ಚಿಕೊಂಡಿರುವುದು ಎಫ್‌ಎಫ್‌ಎಂಪೆಗ್. ಫಾಬ್ರಿಸ್ ಬೆಲ್ಲಾರ್ 2000ದಲ್ಲಿ ಆರಂಭಿಸಿದ ಈ ಮುಕ್ತ ತಂತ್ರಾಂಶಕ್ಕೆ ಒತ್ತಲು ಗುಂಡಿಗಳಿಲ್ಲ, ಆದೇಶವನ್ನು ಟೈಪ್ ಮಾಡಬೇಕು. ಹಳೆಯ ಕಡತದ ಹೆಸರು, ಹೊಸ ಕಡತದ ಹೆಸರು, ಇವೆರಡರ ನಡುವೆ ಹೈಫನ್ ಸೇರಿಸಿ ‘ಸಿ ಕಾಪಿ’ ಎಂಬ ಸೂಚನೆ. ಜೀವ ಇರುವುದು ಈ ಪುಟ್ಟ ಸೂಚನೆಯಲ್ಲಿ. ಇದನ್ನು ಮರೆತರೆ ತಂತ್ರಾಂಶ ನಿಮ್ಮನ್ನು ಕೇಳದೆ ಟ್ರಾನ್ಸ್‌ಕೋಡಿಂಗ್‌ಗೆ ಇಳಿಯುತ್ತದೆ. ಕೆಲಸ ಆರಂಭವಾದೊಡನೆ ಪರದೆಯ ಮೇಲೆ ‘ಸ್ಟ್ರೀಮ್ ಮ್ಯಾಪಿಂಗ್’ ಎಂಬ ಸಾಲು ಬರುತ್ತದೆ. ಅದರ ಕೆಳಗೆ ಎಳೆಗೊಂದರಂತೆ ಸಾಲುಗಳು. ಪ್ರತಿ ಸಾಲಿನ ಕೊನೆಯಲ್ಲೂ ‘ಕಾಪಿ’ ಎಂದಿದ್ದರೆ ನೆಮ್ಮದಿ. ಅಲ್ಲಿ ‘ಎಚ್264’ರಿಂದ ‘ಲಿಬ್‌ಎಕ್ಸ್264’ ಕಡೆಗೆ ಬಾಣದ ಗುರುತು ಕಂಡರೆ ಕತ್ತರಿ ಆಡುತ್ತಿದೆ ಎಂದರ್ಥ. ಕೂಡಲೇ ಕ್ಯೂ ಒತ್ತಿ ನಿಲ್ಲಿಸಿ. ಇನ್ನೊಂದು ಸೂಕ್ಷ್ಮವಿದೆ. ಏನೂ ಹೇಳದಿದ್ದರೆ ಎಫ್‌ಎಫ್‌ಎಂಪೆಗ್ ಒಂದು ಬಗೆಯ ಎಳೆಗಳಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳುತ್ತದೆ. ಎರಡು ಭಾಷೆಗಳ ಧ್ವನಿಯಿರುವ ಕಡತದಲ್ಲಿ ಒಂದು ಭಾಷೆ ಸದ್ದಿಲ್ಲದೆ ಬಿಟ್ಟುಹೋಗುತ್ತದೆ. ಎಲ್ಲವೂ ಬೇಕಿದ್ದರೆ ‘ಮ್ಯಾಪ್ 0’ ಎಂಬ ಸೂಚನೆಯನ್ನೂ ಸೇರಿಸಬೇಕು.

ಎಲ್ಲ ಡಬ್ಬಿಗೂ ಎಲ್ಲ ಎಳೆ ಒಗ್ಗುವುದಿಲ್ಲ. ವೆಬ್‌ಎಂ ಎಚ್.264 ಚಿತ್ರವನ್ನು ಒಪ್ಪುವುದಿಲ್ಲ. ಎಂಕೆವಿಯಲ್ಲಿ ಸಲೀಸಾಗಿ ಕೂರುವ ಎಸ್‌ಆರ್‌ಟಿ ಅಡಿಬರಹ ಎಂಪಿ4ಗೆ ಹೊಂದುವುದಿಲ್ಲ, ದೋಷದ ಸಂದೇಶ ಬಂದು ಕೆಲಸ ನಿಲ್ಲುತ್ತದೆ. ಆಗ ಎದೆಗುಂದಿ ಇಡೀ ಚಿತ್ರವನ್ನು ಪರಿವರ್ತಿಸಲು ಹೊರಡಬೇಡಿ. ಅಡಿಬರಹವೊಂದನ್ನು ‘mov_text’ ರೂಪಕ್ಕೆ ಬದಲಿಸಲು ಹೇಳಿ ಉಳಿದದ್ದಕ್ಕೆ ಕಾಪಿಯನ್ನೇ ಇಟ್ಟುಕೊಳ್ಳಬಹುದು. ಹೆಸರಿನ ಕೊನೆಯ ಅಕ್ಷರಗಳನ್ನು ತಿದ್ದುವುದರಿಂದ ಮಾತ್ರ ಏನೂ ಆಗದು, ಅದು ಡಬ್ಬಿಯ ಮೇಲಿನ ಚೀಟಿ ಬದಲಿಸಿದಷ್ಟೇ.

ಟ್ರಾನ್ಸ್‌ಕೋಡಿಂಗ್ ಬೇಕೇ ಬೇಕಾದ ಸಂದರ್ಭಗಳೂ ಇವೆ. ಹಳೆಯ ಟಿವಿಗೆ ಎಚ್.265 ಅಥವಾ ಎವಿ1 ಓದಲು ಬರದಿದ್ದರೆ, ಇಲ್ಲವೇ ಕಡತವನ್ನು ಚಿಕ್ಕದಾಗಿಸಬೇಕಿದ್ದರೆ ಬೇರೆ ದಾರಿಯಿಲ್ಲ. ಅದಕ್ಕೆ ಹ್ಯಾಂಡ್‌ಬ್ರೇಕ್ ಒಳ್ಳೆಯ ಮುಕ್ತ ತಂತ್ರಾಂಶ. ಆದರೆ ಅದು ಚಿತ್ರವನ್ನು ಯಾವಾಗಲೂ ಹೊಸದಾಗಿಯೇ ಕಿರಿದಾಗಿಸುತ್ತದೆ, ರೀಮಕ್ಸ್ ಮಾಡುವುದಿಲ್ಲ. ಅದರಲ್ಲಿನ ಆರ್‌ಎಫ್ ಎಂಬ ಸಂಖ್ಯೆ ಕಡಿಮೆಯಾದಷ್ಟೂ ಚಿತ್ರ ಚೆನ್ನ, ಕಡತ ದೊಡ್ಡದು. ಎಷ್ಟೋ ಸಲ ಟಿವಿಗೆ ಒಗ್ಗದಿರುವುದು ಧ್ವನಿಯೊಂದೇ: ಚಿತ್ರ ಓಡುತ್ತದೆ, ಸದ್ದಿಲ್ಲ. ಅಂಥ ಕಡೆ ಎಫ್‌ಎಫ್‌ಎಂಪೆಗ್‌ಗೆ ಚಿತ್ರಕ್ಕೆ ಕಾಪಿ, ಧ್ವನಿಗೆ ಎಎಸಿ ಎಂದು ಬೇರೆ ಬೇರೆಯಾಗಿ ಹೇಳಿ. ಒಂದೆಳೆ ಮಾತ್ರ ಹೊಸದು, ಮಗುವಿನ ಮುಖ ಹೇಗಿತ್ತೋ ಹಾಗೆಯೇ.