ಲೂಪಸ್: ತೋಳದ ಹೆಸರು, ಚಿಟ್ಟೆಯ ಗುರುತು

ಲ್ಯಾಟಿನ್ ಭಾಷೆಯಲ್ಲಿ ‘ಲೂಪಸ್’ ಎಂದರೆ ತೋಳ. ಮುಖವನ್ನು ಕಚ್ಚಿ ತಿಂದಂತೆ ಕಾಣುವ ಹುಣ್ಣುಗಳಿಗೆಲ್ಲ ಮಧ್ಯಯುಗದ ಯುರೋಪಿನಲ್ಲಿ ಈ ಹೆಸರು ನಡೆಯುತ್ತಿತ್ತು. ಪ್ಯಾರಿಸ್ಸಿನ ಚರ್ಮವೈದ್ಯ ಕಾಜೆನಾವ್ 1851ರಲ್ಲಿ ಅದಕ್ಕೆ ‘ಕೆಂಪೇರಿದ’ ಎಂಬರ್ಥದ ವಿಶೇಷಣವನ್ನು ಸೇರಿಸಿದ ಮೇಲೆ ‘ಲೂಪಸ್ ಎರಿಥಮಟೋಸಸ್’ ಎಂಬ ಹೆಸರು ನಿಂತಿತು. ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಅಂಗಾಂಶಗಳ ಮೇಲೆ ತಿರುಗಿಬೀಳುವ ಈ ಕಾಯಿಲೆ ಹೆಚ್ಚಾಗಿ ಕಾಣಿಸುವುದು ಹೆರಿಗೆಯ ವಯಸ್ಸಿನ ಹೆಂಗಸರಲ್ಲಿ.

ಆ ‘ಕೆಂಪು’ ನಮ್ಮನ್ನು ದಾರಿ ತಪ್ಪಿಸುತ್ತದೆ. ಬಿಳಿ ಚರ್ಮದ ಮೇಲೆ ಕೆಂಪಾಗಿ ಕಾಣುವುದು ಎಣ್ಣೆಗಪ್ಪು ಮೈಬಣ್ಣದವರಲ್ಲಿ ನೇರಳೆಯಾಗಿಯೋ ಬರಿಯ ಕಪ್ಪಾಗಿಯೋ ಕಾಣಬಹುದಾದ್ದರಿಂದ, ಬಣ್ಣಕ್ಕಿಂತ ಗುರುತು ಎಲ್ಲಿ ಕೂತಿದೆ, ಯಾವ ಜಾಗವನ್ನು ಬಿಟ್ಟಿದೆ ಎಂಬುದನ್ನು ನೋಡಬೇಕು. ಎರಡೂ ಕೆನ್ನೆ ಮತ್ತು ಮೂಗಿನ ಸೇತುವೆಯ ಮೇಲೆ ಚಿಟ್ಟೆ ರೆಕ್ಕೆ ಹರಡಿದಂತೆ ಏಳುವ ದದ್ದು, ಮೂಗಿನ ಪಕ್ಕದಿಂದ ತುಟಿಯಂಚಿಗೆ ಇಳಿಯುವ ಗೆರೆಯನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಬಿಸಿಲಿಗೆ ಹೋಗಿಬಂದ ಮೇಲೆ ಅದು ಕೆರಳುತ್ತದೆ, ಕೆಲವರಿಗೆ ಉರಿಯುತ್ತದೆ. ಇದನ್ನು ಬಂಗು ಎಂದು ತಿಳಿದು ಮುಲಾಮು ಹಚ್ಚುತ್ತ ಕೂರುವವರುಂಟು. ಬಂಗಾದರೋ ಕಂದುಬಣ್ಣದ ಚಪ್ಪಟೆ ಕಲೆ, ಅದರಲ್ಲಿ ಉಬ್ಬಾಗಲಿ ಉರಿಯಾಗಲಿ ಇರುವುದಿಲ್ಲ.

ಇನ್ನೊಂದು ಬಗೆ ನಾಣ್ಯದಾಕಾರದ ‘ಡಿಸ್ಕಾಯ್ಡ್’ ಲೂಪಸ್. ಕಲೆಗೆ ಅಂಟಿದ ಹೊಟ್ಟನ್ನು ಎತ್ತಿ ನೋಡಿದರೆ ಅದರ ತಳದಲ್ಲಿ ಸಣ್ಣ ಮೊಳೆಗಳಂತಹ ಮುಳ್ಳುಗಳು ಕಾಣುತ್ತವೆ. ಕೂದಲಿನ ರಂಧ್ರಗಳಲ್ಲಿ ಕೂತಿದ್ದ ಬಿರಡೆಗಳವು. ದಿನ ಕಳೆದಂತೆ ನಡುಭಾಗ ಬೆಳ್ಳಗಾಗಿ ಅಂಚು ಕಪ್ಪಾಗುವುದರಿಂದ ತೊನ್ನೆಂಬ ಭಯ ಹುಟ್ಟುತ್ತದೆ, ಆದರೆ ತೊನ್ನಿನ ಚರ್ಮ ನಯವಾಗಿಯೇ ಉಳಿದರೆ ಇಲ್ಲಿ ಅದು ತೆಳುವಾಗಿ ಕುಗ್ಗುತ್ತದೆ. ಕಿವಿಯ ಒಳಬಟ್ಟಲನ್ನು ಮರೆಯದೆ ನೋಡಬೇಕು. ನೆತ್ತಿಯಲ್ಲಿ ಇಂಥ ಕಲೆ ಗಾಯದ ಗುರುತಾಗಿ ಉಳಿದರೆ ಅಲ್ಲಿ ಕೂದಲು ಮರಳುವುದಿಲ್ಲ.

ಕೈಬೆರಳಲ್ಲಿ ದದ್ದು ಗೆಣ್ಣುಗಳನ್ನು ಬಿಟ್ಟು ಅವುಗಳ ನಡುವೆ ಏಳುತ್ತದೆ; ಗೆಣ್ಣಿನ ಮೇಲೆಯೇ ಇದ್ದರೆ ಡರ್ಮಟೋಮಯೋಸೈಟಿಸ್ ಎಂಬ ಬೇರೆ ರೋಗವನ್ನು ಶಂಕಿಸುತ್ತಾರೆ. ತಣ್ಣೀರು ಮುಟ್ಟಿದಾಗ ಬೆರಳು ಬಿಳಿಚಿ, ನೀಲಿಗಟ್ಟಿ, ಬೆಚ್ಚಗಾದಾಗ ಕೆಂಪಾಗುವುದೂ ಉಂಟು. ಅಂಗುಳಿನ ಹುಣ್ಣು ಎಷ್ಟೋ ವೇಳೆ ನೋಯುವುದೇ ಇಲ್ಲ, ಹಾಗಾಗಿ ಟಾರ್ಚ್ ಹಿಡಿದು ನೋಡುವವರೆಗೆ ರೋಗಿಗೇ ತಿಳಿದಿರುವುದಿಲ್ಲ. ಇವುಗಳ ಜೊತೆಗೆ ಕಾಲು ಬಾತು, ಮೂತ್ರ ನೊರೆಗಟ್ಟಿದರೆ ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಿರಬಹುದಾದ್ದರಿಂದ ತಡಮಾಡಬಾರದು.

ದೇಹ ತನ್ನದೇ ಜೀವಕೋಶಗಳ ಕೇಂದ್ರದ ವಿರುದ್ಧ ಹುಟ್ಟಿಸುವ ಪ್ರತಿಕಾಯಗಳನ್ನು ಹುಡುಕುವ ಎಎನ್‌ಎ ರಕ್ತಪರೀಕ್ಷೆ ಕೆಲವು ಆರೋಗ್ಯವಂತರಲ್ಲೂ ಪಾಸಿಟಿವ್ ಬರುವುದರಿಂದ, ವೈದ್ಯರು ಅದನ್ನು ಈ ಗುರುತುಗಳ ಜೊತೆಗಿಟ್ಟೇ ಓದುತ್ತಾರೆ. ಚಿಟ್ಟೆಯ ದದ್ದು ಆಸ್ಪತ್ರೆಗೆ ಹೋಗುವ ದಿನಕ್ಕೆ ಮಾಸಿರಬಹುದು. ಎದ್ದ ದಿನವೇ ಹಗಲು ಬೆಳಕಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.